ಹದಿಹರೆಯದ ಮಕ್ಕಳ ಯಕೃತ್ತಿನ ಕಿಣ್ವ: ರೈತ ಕುಟುಂಬಗಳು ಗಮನಿಸಬೇಕಾದ ಅಂಶಗಳು



ಕಳೆದ ಮುಂಗಾರಿಗೆ ಮೊದಲು, ಮಣ್ಣು ಪರೀಕ್ಷೆಯ ವರದಿಯನ್ನು ತಿಳಿದುಕೊಳ್ಳಲು ಬಂದಿದ್ದ ರೈತರೊಬ್ಬರು ಅದೇ ಚೀಲದಿಂದ ಇನ್ನೊಂದು ಕಾಗದ ತೆಗೆದರು. ಅದು ಅವರ 14 ವರ್ಷದ ಮಗನ ರಕ್ತಪರೀಕ್ಷೆಯ ವರದಿ. ಎಸ್.ಜಿ.ಪಿ.ಟಿ. 38 ಎಂದಿತ್ತು. ಪಕ್ಕದಲ್ಲಿ 45ರವರೆಗೆ ಸರಿ ಎಂದು ಅಚ್ಚಾಗಿತ್ತು. "ಮಿತಿಯೊಳಗೇ ಇದೆಯಲ್ಲ ಸಾರ್, ಹುಡುಗ ಸ್ವಲ್ಪ ದಪ್ಪ, ಅಷ್ಟೇ" ಎಂದರು. ಅವರಿಗೂ ಅವರ ತಂದೆಗೂ ಸಕ್ಕರೆ ಕಾಯಿಲೆ ಇತ್ತು.

ನಾನು ಬೇಸಾಯ ಶಾಸ್ತ್ರದವನು, ವೈದ್ಯನಲ್ಲ. ಆದರೆ ರಾಗಿಗೆ ನಿಗದಿಯಾದ ಮಿತಿಯನ್ನು ದ್ರಾಕ್ಷಿಗೆ ಹಚ್ಚಿ "ಪೋಷಕಾಂಶ ಸಾಕಷ್ಟಿದೆ" ಎಂದರೆ ನೀವು ಒಪ್ಪುವಿರಾ? ದೊಡ್ಡವರ ಮಿತಿಯನ್ನು ಮಕ್ಕಳಿಗೆ ಹಚ್ಚುವುದೂ ಹಾಗೆಯೇ. ಮಕ್ಕಳ ತಜ್ಞರಿಗೆ ವರದಿ ತೋರಿಸುವಂತೆ ಅವರಿಗೆ ಹೇಳಿದೆ. ಅದರ ಕಾರಣವನ್ನು ನಿಮಗೂ ತಿಳಿಸುವುದು ಈ ಲೇಖನದ ಉದ್ದೇಶ.

ಕಿಣ್ವ ಏನನ್ನು ಸೂಚಿಸುತ್ತದೆ?

ಯಕೃತ್ತಿನ ಜೀವಕೋಶಗಳಲ್ಲಿ ಎ.ಎಲ್.ಟಿ. ಎಂಬ ಕಿಣ್ವವಿದೆ. ಇದರ ಹಳೆಯ ಹೆಸರೇ ಎಸ್.ಜಿ.ಪಿ.ಟಿ. ಕೋಶಗಳಿಗೆ ಧಕ್ಕೆಯಾದಾಗ ಇದು ರಕ್ತಕ್ಕೆ ಸೋರುತ್ತದೆ. ಕಾಮಾಲೆ, ಕೆಲವು ಔಷಧಿಗಳು ಮತ್ತು ಮದ್ಯಪಾನದಿಂದಲೂ ಇದು ಏರಬಹುದು. ಆದರೆ ದಪ್ಪಗಿರುವ ಹದಿಹರೆಯದ ಮಕ್ಕಳಲ್ಲಿ ಮುಖ್ಯ ಕಾರಣ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುವುದು.

ಸಿಹಿ ಮತ್ತು ಪಿಷ್ಟ ಅತಿಯಾಗಿ, ಶ್ರಮ ಕಡಿಮೆಯಾದಾಗ ಯಕೃತ್ತು ಹೆಚ್ಚುವರಿ ಸಕ್ಕರೆಯನ್ನು ಕೊಬ್ಬಾಗಿ ಮಾರ್ಪಡಿಸುತ್ತದೆ. ಕ್ರಮೇಣ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ರಕ್ತದಲ್ಲಿ ಸಕ್ಕರೆಯೂ ಟ್ರೈಗ್ಲಿಸರೈಡ್ ಎಂಬ ಕೊಬ್ಬೂ ಏರತೊಡಗುತ್ತವೆ. ಇವು ಮುಂದೆ ಸಕ್ಕರೆ ಕಾಯಿಲೆಗೂ ಹೃದ್ರೋಗಕ್ಕೂ ದಾರಿ. ಕಿಣ್ವವೇ ಹೃದಯಕ್ಕೆ ಕೇಡು ಮಾಡುವುದಿಲ್ಲ. ಎಲೆ ಹಳದಿಯಾಗುವ ಮುನ್ನವೇ ಎಲೆ ವಿಶ್ಲೇಷಣೆ ಕೊರತೆಯನ್ನು ತೋರಿಸುವಂತೆ ಇದೂ ಮುನ್ಸೂಚನೆ ನೀಡುತ್ತದೆ.

ಮಕ್ಕಳಿಗೆ ಮಿತಿ ಎಷ್ಟು?

2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 12ರಿಂದ 17 ವರ್ಷದ ಆರೋಗ್ಯವಂತ ಮಕ್ಕಳನ್ನು ಆಧರಿಸಿ ಎ.ಎಲ್.ಟಿ.ಯ ಮೇಲ್ಮಿತಿ ಗಂಡುಮಕ್ಕಳಿಗೆ ಲೀಟರಿಗೆ ಸುಮಾರು 26, ಹೆಣ್ಣುಮಕ್ಕಳಿಗೆ 22 ಯೂನಿಟ್ ಎಂದು ಕಂಡುಕೊಂಡಿತು. ಅಲ್ಲಿನ ಮಕ್ಕಳ ಆಸ್ಪತ್ರೆಗಳು ಬಳಸುತ್ತಿದ್ದ ಮಿತಿ ಮಾತ್ರ 30ರಿಂದ 90ರವರೆಗೆ ಇತ್ತು! 2017ರ ಅಮೆರಿಕದ ಮಾರ್ಗಸೂಚಿಯಂತೆ ಗಂಡುಮಕ್ಕಳಲ್ಲಿ 52, ಹೆಣ್ಣುಮಕ್ಕಳಲ್ಲಿ 44 ಅಥವಾ ಹೆಚ್ಚಿನ ಮಟ್ಟ ಮೂರು ತಿಂಗಳಿಗೂ ಮೀರಿ ಉಳಿದರೆ ಕೂಲಂಕಷ ತಪಾಸಣೆ ಅಗತ್ಯ. 80 ದಾಟಿದರೆ ತಡಮಾಡಬಾರದು.

ಆದ್ದರಿಂದ 38 ಎಂಬುದು ರೋಗವೆಂದಲ್ಲ, ಆದರೆ ನಿಶ್ಚಿಂತೆಯ ಅಂಕಿಯೂ ಅಲ್ಲ. ಒಂದೇ ಪರೀಕ್ಷೆಯಿಂದ ತೀರ್ಮಾನಕ್ಕೆ ಬರಬೇಡಿ. ಕಬ್ಬಿನ ಹೊರೆ ಹೊತ್ತ ಅಥವಾ ಕಬಡ್ಡಿಯಲ್ಲಿ ದಣಿದ ದಿನಗಳ ನಂತರ ಸ್ನಾಯುಗಳಿಂದಲೂ ಕಿಣ್ವ ಏರಬಹುದು. ಅದನ್ನು ವೈದ್ಯರಿಗೆ ತಿಳಿಸಿ. ಕಿಣ್ವ ಸರಿಯಿದ್ದೂ ಯಕೃತ್ತಿನಲ್ಲಿ ಕೊಬ್ಬಿರಬಹುದು ಎಂಬುದೂ ನೆನಪಿರಲಿ.

ಇದನ್ನು ತಗ್ಗಿಸಬಹುದೇ?

ಖಂಡಿತ ಸಾಧ್ಯ. 2019ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಈ ತೊಂದರೆಯಿದ್ದ 11ರಿಂದ 16 ವರ್ಷದ 40 ಹುಡುಗರ ಪೈಕಿ ಅರ್ಧದಷ್ಟು ಮಂದಿಗೆ 8 ವಾರ ಸಕ್ಕರೆ ಬಹಳ ಕಡಿಮೆಯಿರುವ ಆಹಾರ ಕೊಡಲಾಯಿತು. ಅವರ ಯಕೃತ್ತಿನ ಕೊಬ್ಬು ಸರಾಸರಿ ಶೇಕಡ 25ರಿಂದ 17ಕ್ಕೆ ಇಳಿಯಿತು. ಎಂದಿನ ಆಹಾರ ಮುಂದುವರಿಸಿದವರಲ್ಲಿ ಅದು 21ರಿಂದ 20ಕ್ಕೆ ಮಾತ್ರ ಇಳಿಯಿತು.

ಮನೆಯಲ್ಲಿ ಅನುಸರಿಸಬೇಕಾದ ಕ್ರಮಗಳು

1. ಒಂದು ದಾರದಿಂದ ಮಗುವಿನ ಎತ್ತರವನ್ನು ಅಳೆದು ಕತ್ತರಿಸಿ, ಎರಡಾಗಿ ಮಡಿಚಿ ಸೊಂಟಕ್ಕೆ ಸುತ್ತಿ. ದಾರ ಸಾಲದಿದ್ದರೆ ವೈದ್ಯರನ್ನು ಕಾಣಿರಿ. ಕಿಣ್ವದ ಜೊತೆಗೆ ಸಕ್ಕರೆ, ಕೊಬ್ಬು, ರಕ್ತದೊತ್ತಡಗಳ ಪರೀಕ್ಷೆಯೂ ಆಗಲಿ.

2. ತಂಪು ಪಾನೀಯ ತರಬೇಡಿ. 300 ಮಿ.ಲೀ. ಬಾಟಲಿಯಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ನಿಮ್ಮದೇ ಆಲೆಮನೆಯ ಬೆಲ್ಲವಾದರೂ, ಕಬ್ಬಿನ ಹಾಲಾದರೂ ಯಕೃತ್ತಿಗೆ ಅದು ಸಕ್ಕರೆಯೇ.

3. ಅನ್ನದ ಪ್ರಮಾಣ ತಗ್ಗಿಸಿ ರಾಗಿ ಅಥವಾ ಜೋಳ, ಜೊತೆಗೆ ಹುರುಳಿ, ಅವರೆ, ಸೊಪ್ಪು ಬಡಿಸಿ. ಮುದ್ದೆಯೂ ಅಳತೆ ಮೀರಬಾರದು. ಬೆಳೆಯುವ ಮಕ್ಕಳನ್ನು ಉಪವಾಸ ಕೆಡವಬೇಡಿ.

4. ದಿನಕ್ಕೆ 60 ನಿಮಿಷವಾದರೂ ಮೈ ಬೆವರುವ ಆಟ ಅಥವಾ ಕೆಲಸವಿರಲಿ. ಶಾಲೆ ಹತ್ತಿರವಿದ್ದರೆ ಬೈಕಿನಲ್ಲಿ ಬಿಡದೆ ನಡೆಯಲು ಹೇಳಿ.

5. ವೈದ್ಯರ ಸಲಹೆಯಿಲ್ಲದೆ ಯಾವುದೇ ಔಷಧಿ, ನಾಟಿ ಮದ್ದು ಕೊಡಬೇಡಿ.

ಮಣ್ಣಿನ ವರದಿ ಬಂದಾಗ ಯಾವ ಬೆಳೆಗೆ ಎಂದು ನಮ್ಮನ್ನು ತಪ್ಪದೆ ಕೇಳುತ್ತೀರಿ. ಮಕ್ಕಳ ರಕ್ತದ ವರದಿ ಬಂದಾಗಲೂ, ಅಚ್ಚಾಗಿರುವ ಮಿತಿ ಯಾವ ವಯಸ್ಸಿನವರಿಗೆ ಎಂದು ವೈದ್ಯರನ್ನು ಕೇಳಿ.