ವಿರಳವೂ ದುರ್ಲಭವೂ: ಬೇಸ್‌ಬಾಲ್ ಕಾರ್ಡುಗಳ ನಿದರ್ಶನ

‘ವಿರಳ’, ‘ದುರ್ಲಭ’ ಎಂಬ ಶಬ್ದಗಳನ್ನು ಲೋಕವ್ಯವಹಾರದಲ್ಲಿ ಪರ್ಯಾಯಪದಗಳಂತೆ ಬಳಸುವುದುಂಟು. ಅರ್ಥವನ್ನು ವಿಚಾರಿಸಿದರೆ ಇವು ಬೇರೆ ಬೇರೆ. ವಿರಳವೆಂದರೆ ದಟ್ಟವಾಗಿಲ್ಲದ್ದು, ಸಂಖ್ಯೆಯಲ್ಲಿ ಕಡಿಮೆಯಾದದ್ದು. ದುರ್ಲಭವೆಂದರೆ ಪ್ರಯಾಸದಿಂದ ದೊರೆಯುವಂಥದು. ಮೊದಲನೆಯದು ವಸ್ತುವಿನ ಎಣಿಕೆಗೆ ಸೇರಿದ್ದು. ಎರಡನೆಯದು ವಸ್ತುವಿಗೂ ಅದನ್ನು ಅರಸುವವರಿಗೂ ಇರುವ ಸಂಬಂಧಕ್ಕೆ ಸೇರಿದ್ದು. ಅಮೆರಿಕೆಯ ಹಳೆಯ ಬೇಸ್‌ಬಾಲ್ ಕಾರ್ಡುಗಳ ಪೇಟೆಯಲ್ಲಿ ಈ ಭೇದವನ್ನರಿಯದವನು ಹಣ ತೆತ್ತು ಕಲಿಯಬೇಕಾಗುತ್ತದೆ.

ಬೇಸ್‌ಬಾಲ್ ಆಟಗಾರರ ಚಿತ್ರವುಳ್ಳ ಚಿಕ್ಕ ರಟ್ಟಿನ ಕಾರ್ಡುಗಳನ್ನು ಅಲ್ಲಿ ಮೊದಲು ಸಿಗರೇಟಿನ, ಅನಂತರ ಚೂಯಿಂಗ್ ಗಮ್ಮಿನ ಪೊಟ್ಟಣಗಳಲ್ಲಿಟ್ಟು ಮಾರುತ್ತಿದ್ದರು. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಹೊರತಂದ, ಸಂಗ್ರಾಹಕರು ಟಿ-206 ಎಂದು ಕರೆಯುವ ಮಾಲೆಯಲ್ಲಿ ಪಿಟ್ಸ್‌ಬರ್ಗ್ ತಂಡದ ಹೋನಸ್ ವ್ಯಾಗ್ನರನ ಕಾರ್ಡು ಸುಪ್ರಸಿದ್ಧ. ಅದರ ಮುದ್ರಣ ಬೇಗನೆ ನಿಂತುಹೋಯಿತು. ಮಕ್ಕಳು ತಂಬಾಕು ಕೊಳ್ಳುವಂತಾಗಬಾರದೆಂದು ಆತ ತಡೆದನೆಂಬುದು ಒಂದು ಪಕ್ಷ. ಸಂಭಾವನೆ ದೊರೆಯದ ಕಾರಣ ತಡೆದನೆಂಬುದು ಇನ್ನೊಂದು. ಆತ ಸ್ವತಃ ತಂಬಾಕು ಅಗಿಯುತ್ತಿದ್ದುದರಿಂದ ಎರಡನೆಯ ಪಕ್ಷಕ್ಕೂ ಬಲವುಂಟು. ತಿಳಿದುಬಂದಿರುವ ಪ್ರತಿಗಳು ಸುಮಾರು 60. 2022ರಲ್ಲಿ ಒಂದು ಪ್ರತಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು.

ಅದೇ ಮಾಲೆಯಲ್ಲಿ ಜೋ ಡಾಯ್ಲ್ ಎಂಬವನ ಕಾರ್ಡೊಂದುಂಟು. ಈತ ನ್ಯೂಯಾರ್ಕಿನ ಅಮೆರಿಕನ್ ಲೀಗ್ ತಂಡದವನು. ಅದೇ ನಗರದ ಲ್ಯಾರಿ ಡಾಯ್ಲ್ ನ್ಯಾಷನಲ್ ಲೀಗಿನವನು. ಮುದ್ರಕರು ಭ್ರಮಿಸಿ ಜೋನ ಹೆಸರಿನ ಮುಂದೆ ‘ನ್ಯಾಷನಲ್’ ಎಂಬ ಸಂಕ್ಷೇಪವನ್ನು ಅಚ್ಚುಹಾಕಿ, ಬಳಿಕ ತಿದ್ದಿದರು. ತಪ್ಪಚ್ಚಿನ ಪ್ರತಿಗಳು ಬೆರಳೆಣಿಕೆಯಷ್ಟು. ಆದುದರಿಂದ ವ್ಯಾಗ್ನರನದಕ್ಕಿಂತ ಬಹುಪಾಲು ವಿರಳ. ಆದರೂ ಬೆಲೆಯಲ್ಲಿ ಅದಕ್ಕೆ ಸಮನಾಗದು. ವ್ಯಾಗ್ನರ್ 1936ರಲ್ಲಿ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದ ಮೊದಲ ಐವರಲ್ಲೊಬ್ಬ. ಅವನನ್ನು ಬಯಸುವವರು ಅಸಂಖ್ಯ. ಡಾಯ್ಲನ ತಪ್ಪಚ್ಚನ್ನು ಅರಸುವವರು ಮಾಲೆಯನ್ನು ಪೂರ್ಣಗೊಳಿಸಹೊರಟ ಕೆಲವೇ ಹಠಮಾರಿಗಳು.

ಇದಕ್ಕೂ ಸೋಜಿಗದ ಉದಾಹರಣೆ 1952ರ ಟಾಪ್ಸ್ ಕಂಪನಿಯ 407 ಕಾರ್ಡುಗಳ ಮಾಲೆ. ಅದರ ಕೊನೆಯ ಕಂತು ಪಂದ್ಯಗಳ ಋತು ಮುಗಿಯುವ ವೇಳೆಗೆ ಅಂಗಡಿಗೆ ಬಂದುದರಿಂದ ಬಹಳಷ್ಟು ಮಾರಾಟವಾಗದೆ ಉಳಿಯಿತು. ಉಳಿದ ಸರಕನ್ನು 1960ರಲ್ಲಿ ದೋಣಿಯಲ್ಲಿ ಸಾಗಿಸಿ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿಸಿದ್ದಾಗಿ ಕಂಪನಿಯ ಸೈ ಬರ್ಗರ್ ಹೇಳಿಕೊಂಡಿದ್ದಾನೆ. ಆ ಕಂತಿನ ಮೊದಲನೆಯದೇ 311ನೆಯ ಕಾರ್ಡು, ಮಿಕ್ಕಿ ಮ್ಯಾಂಟಲನದು. ಅಚ್ಚಿನ ಹಾಳೆಯಲ್ಲಿ ಅದಕ್ಕೆ ಎರಡು ಸ್ಥಾನ ದೊರೆತಿದ್ದುದರಿಂದ ತನ್ನ ಕಂತಿನ ಹೆಚ್ಚಿನ ಕಾರ್ಡುಗಳಿಗಿಂತ ಅದು ಇಮ್ಮಡಿ ಮುದ್ರಿತವಾಯಿತು! ಸಾವಿರಕ್ಕೂ ಮೇಲ್ಪಟ್ಟು ಪ್ರತಿಗಳು ಇಂದೂ ಉಳಿದಿವೆ. ಆದರೂ 2022ರಲ್ಲಿ ಅದರ ಒಂದು ಪ್ರತಿ 1 ಕೋಟಿ 26 ಲಕ್ಷ ಡಾಲರನ್ನು ಗಳಿಸಿತು. ಸಾಗರ ನುಂಗಿದ ಕಥೆಯೂ ಮ್ಯಾಂಟಲನ ಕೀರ್ತಿಯೂ ಅದನ್ನು ದುರ್ಲಭಗೊಳಿಸಿವೆ. ಅದರ ಮೇಲೆ ಸ್ಥಿತಿಯ ವಿಚಾರ ಬೇರೆ: ಹುಡುಗರು ಕಾರ್ಡುಗಳನ್ನು ರಬ್ಬರ್ ಪಟ್ಟಿಯಿಂದ ಬಿಗಿದರು, ಸೈಕಲ್ ಚಕ್ರದ ಕಡ್ಡಿಗಳಿಗೆ ಸಿಕ್ಕಿಸಿದರು. ಮೂಲೆ ಮೊಂಡಾಗದ ಪ್ರತಿ ಮಾತ್ರ ನಿಜವಾಗಿ ವಿರಳ.

ಕಾಗದಪತ್ರಗಳನ್ನು ನೋಡದೆ ‘ವಿರಳ’ವೆಂಬ ವ್ಯಾಪಾರಿಯ ಮಾತನ್ನು ನಂಬಿದವರು ಅನೇಕರು. ಕಾರ್ಡುಗಳ ಗುಣಮಟ್ಟವನ್ನು ನಿರ್ಣಯಿಸುವ ಸಂಸ್ಥೆಗಳು ತಾವು ಪರೀಕ್ಷಿಸಿದ ಪ್ರತಿಗಳ ಲೆಕ್ಕವನ್ನು ಪ್ರಕಟಿಸುತ್ತವೆ. ಒಂದೇ ಪ್ರತಿ ಎರಡು ಬಾರಿ ಎಣಿಕೆಗೆ ಬಂದಿರಬಹುದಾದರೂ ಅದು ಬರಿಯ ಬಾಯಿಮಾತಿಗಿಂತ ಮೇಲು. 1980ರ ದಶಕದ ಕೊನೆಯಲ್ಲಿ ಹಳೆಯ ಕಾರ್ಡುಗಳ ಬೆಲೆ ಕಂಡು ಜನ ಹೊಸ ಕಾರ್ಡುಗಳನ್ನೇ ಪೆಟ್ಟಿಗೆಗಟ್ಟಲೆ ಕೊಂಡಿಟ್ಟರು. ಕಂಪನಿಗಳು ಅಪಾರವಾಗಿ ಅಚ್ಚು ಹಾಕಿದವು. ಎಲ್ಲರೂ ಜೋಪಾನ ಮಾಡಿದ್ದರಿಂದ ಯಾವುದೂ ಹಾಳಾಗಲಿಲ್ಲ. ಅವುಗಳಲ್ಲಿ ಎಷ್ಟೋ ಪೊಟ್ಟಣಗಳು ಇಂದಿಗೂ ಒಡೆಯದೆ ಅಟ್ಟದ ಮೇಲೆ ಉಳಿದಿವೆ.