ಗಂಟಿನ ಮೇಲೆ ತೂಗುವ ತೊಟ್ಟಿಲು

ಮಗು ಹುಟ್ಟಿದ ಮನೆಯಲ್ಲಿ ಹಿರಿಯರ ಕಣ್ಣು ಮೊದಲು ಹೋಗುವುದು ತೊಲೆಯ ಕಡೆಗೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಹೆಸರಿಡುವ ದಿನ ಮಗುವನ್ನು ತೊಟ್ಟಿಲಲ್ಲಿ ಹಾಕುವುದು ಒಂದು ಹಬ್ಬವೇ ಸರಿ. ಅನುಕೂಲವಂತರು ಕಲಘಟಗಿಯ ಬಣ್ಣದ ತೊಟ್ಟಿಲನ್ನು ತರಿಸುತ್ತಾರೆ. ಉಳಿದವರು ಹಳೆಯ ಸೀರೆಯೊಂದನ್ನು ತೊಲೆಗೆ ಬಿಗಿದು ಜೋಲಿ ಕಟ್ಟುತ್ತಾರೆ. ಹೊಲದಲ್ಲಿ ದುಡಿಯುವ ತಾಯಿಗೆ ಬದುವಿನ ಬೇವಿನ ಕೊಂಬೆಯೇ ತೊಲೆ.

ಈಚೆಗೆ ಇವೆರಡರ ಜೊತೆಗೆ ಮೂರನೆಯದೊಂದು ಬಂದಿದೆ. ದಪ್ಪ ಹತ್ತಿಯ ಹುರಿಯನ್ನು ಗಂಟುಗಂಟಾಗಿ ಹೆಣೆದು ಮಾಡುವ ತೂಗುತೊಟ್ಟಿಲು ಅದು. ಈ ಹೆಣಿಗೆಗೆ ಅಂಗಡಿಗಳಲ್ಲಿ ‘ಮ್ಯಾಕ್ರಮೆ’ ಎಂದು ಹೆಸರು. ಅರಬ್ಬಿ ಭಾಷೆಯಿಂದ ಹೊರಟು ಯೂರೋಪಿನ ಮಾರ್ಗವಾಗಿ ನಮ್ಮಲ್ಲಿಗೆ ಬಂದ ಪದವಿದು. ಹೆಸರು ಹೊಸದಾದರೂ ಕೆಲಸ ನಮಗೆ ಹೊಸದಲ್ಲ. ಬೆಕ್ಕಿನ ಬಾಯಿಗೆ ಸಿಗದಂತೆ ಹಾಲು ಬೆಣ್ಣೆಗಳ ಗಡಿಗೆಯನ್ನು ತೂಗುಹಾಕುತ್ತಿದ್ದ ನೆಲವು, ಎತ್ತು ಪೈರಿಗೆ ಬಾಯಿ ಹಾಕದಂತೆ ಕಟ್ಟುತ್ತಿದ್ದ ಬಾಯಿಕುಕ್ಕೆ — ಇವೆಲ್ಲವೂ ಇದೇ ಜಾತಿಯವು. ಪುಂಡಿಯ ಕಾಂಡವನ್ನು ನೀರಿನಲ್ಲಿ ಕೊಳೆಯಿಸಿ ನಾರು ತೆಗೆದು ಹಗ್ಗ ಹೊಸೆಯುತ್ತಿದ್ದ ರೈತನೂ, ಬನಹಟ್ಟಿಯ ಮಗ್ಗದ ಮುಂದೆ ಕಡಿದ ಎಳೆಯನ್ನು ಕ್ಷಣಮಾತ್ರದಲ್ಲಿ ಸೇರಿಸುವ ನೇಕಾರನೂ ಗಂಟಿನ ವಿದ್ಯೆಯನ್ನು ಬಲ್ಲವರೇ.

ಆದರೆ ನೆಲವಿನ ಗಂಟು ಬಿಚ್ಚಿದರೆ ಗಡಿಗೆ ಮಾತ್ರ ಒಡೆಯುತ್ತದೆ. ತೊಟ್ಟಿಲಿನ ವಿಷಯ ಹಾಗಲ್ಲ. ಆದುದರಿಂದ ತೊಟ್ಟಿಲು ಕಟ್ಟುವವರು ಮೂರು ಪ್ರಶ್ನೆಗಳಿಗೆ ಉತ್ತರ ಹೇಳಬೇಕಾಗುತ್ತದೆ. ನೂಲು ತಡೆಯುವುದೇ? ಗಂಟು ನಿಲ್ಲುವುದೇ? ಒಳಗಿನ ಮಗು ಸರಾಗವಾಗಿ ಉಸಿರಾಡುವುದೇ? ಮೊದಲ ಎರಡನ್ನು ಎಲ್ಲರೂ ಕೇಳುತ್ತಾರೆ. ಮೂರನೆಯದನ್ನು ಮರೆಯುವವರೇ ಹೆಚ್ಚು.

ನೂಲಿನ ಬಲ

ಹತ್ತಿಯ ಒಂದು ಎಳೆ ಸಾಮಾನ್ಯವಾಗಿ ೨ರಿಂದ ೩ ಸೆಂಟಿಮೀಟರ್ ಉದ್ದವಿರುತ್ತದೆ. ಇಂಥ ತುಂಡು ಎಳೆಗಳಿಂದ ಮೈಲುಗಟ್ಟಲೆ ನೂಲು ಆಗುವುದು ಹೇಗೆ? ಅವುಗಳನ್ನು ಅಂಟಿಸುವ ಅಂಟು ಯಾವುದೂ ಇಲ್ಲ. ಎಲ್ಲ ಕೆಲಸವನ್ನೂ ಮಾಡುವುದು ತಿರುಪು. ತಿರುಪಿದ ನೂಲನ್ನು ಎಳೆದಾಗ ಹೊರಗಿನ ಎಳೆಗಳು ಒಳಗಿನವನ್ನು ಅದುಮುತ್ತವೆ. ಅದುಮಿದಷ್ಟೂ ಘರ್ಷಣೆ ಹೆಚ್ಚುತ್ತದೆ. ಘರ್ಷಣೆ ಹೆಚ್ಚಿದಷ್ಟೂ ಎಳೆಗಳು ಜಾರಲಾರವು. ಹಗ್ಗ ಹೊಸೆಯುವವರು ನೂಲನ್ನು ಒಂದು ದಿಕ್ಕಿಗೆ ತಿರುಪಿ, ಹುರಿಗಳನ್ನು ಕೂಡಿಸುವಾಗ ಎದುರು ದಿಕ್ಕಿಗೆ ತಿರುಪುತ್ತಾರೆ. ಒಂದು ಬಿಚ್ಚಿಕೊಳ್ಳಲು ಹೊರಟರೆ ಇನ್ನೊಂದು ಬಿಗಿಯಾಗುವುದರಿಂದ ಹಗ್ಗ ತನ್ನಷ್ಟಕ್ಕೆ ತಾನೇ ನಿಲ್ಲುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ೪೦ನೆಯ ನಂಬರಿನ ಹತ್ತಿ ನೂಲಿನ ಒಂದು ಎಳೆ ಸುಮಾರು ೨೦೦ ಗ್ರಾಂ ತೂಕದವರೆಗೆ ತಡೆಯಬಲ್ಲದು. ಅಂಗುಲಕ್ಕೆ ೬೦ ಎಳೆಗಳಂತೆ ೪೫ ಅಂಗುಲ ಅಗಲದ ಸೀರೆಯ ಹಾಸಿನಲ್ಲಿ ೨೭೦೦ ಎಳೆಗಳಾಗುತ್ತವೆ. ಎಲ್ಲವೂ ಭಾರವನ್ನು ಸಮನಾಗಿ ಹಂಚಿಕೊಂಡರೆ ೫೪೦ ಕಿಲೋಗ್ರಾಂ! ಐದಾರು ಕಿಲೋಗ್ರಾಂ ತೂಗುವ ಕೂಸಿಗೆ ಇಷ್ಟು ಬಲವೇಕೆ ಎನಿಸಬಹುದು. ಆದರೆ ಈ ಲೆಕ್ಕ ಹೊಸ ಬಟ್ಟೆಗೆ ಸಲ್ಲುವಂಥದು. ಬಿಸಿಲು, ಬೆವರು, ಒಗೆತಗಳು ನೂಲನ್ನು ಸವೆಯಿಸುತ್ತವೆ. ತೊಲೆಯ ಏಣಿಗೆ ಉಜ್ಜುವ ಕಡೆ ಎಳೆಗಳು ಒಂದೊಂದಾಗಿ ಹರಿಯುತ್ತವೆ. ಮುದುಡಿದ ಬಟ್ಟೆಯಲ್ಲಿ ಭಾರವೆಲ್ಲ ಕೆಲವೇ ಎಳೆಗಳ ಮೇಲೆ ಬೀಳುತ್ತದೆ. ಇಷ್ಟು ಸಾಲದೆಂಬಂತೆ ಗಂಟು ಹಾಕಿದೆಡೆ ಹಗ್ಗದ ಬಲ ಅನೇಕ ವೇಳೆ ಅರ್ಧದಷ್ಟಕ್ಕೆ ಇಳಿಯುತ್ತದೆ. ಕಡಿದಾಗಿ ಬಾಗಿದ ಹಗ್ಗದ ಹೊರಮೈ ಎಳೆಗಳು ಹಿಗ್ಗಿ, ಒಳಮೈ ಎಳೆಗಳು ಸಡಿಲಗೊಂಡು, ಭಾರ ಸಮನಾಗಿ ಹಂಚಿಹೋಗದಿರುವುದೇ ಇದಕ್ಕೆ ಕಾರಣ.

ಗಂಟು ಏಕೆ ಬಿಚ್ಚುವುದಿಲ್ಲ?

ಹಗ್ಗವನ್ನು ಒಂದು ಕಂಬಕ್ಕೆ ಸುತ್ತಿ ಒಂದು ತುದಿಯನ್ನು ಬಲವಾಗಿ ಎಳೆದರೆ, ಇನ್ನೊಂದು ತುದಿಯನ್ನು ಅಲ್ಪ ಬಲದಿಂದ ಹಿಡಿದು ನಿಲ್ಲಿಸಬಹುದು. ಈ ಸಂಗತಿಗೆ ಗಣಿತದ ರೂಪ ಕೊಟ್ಟವರಲ್ಲಿ ೧೮ನೆಯ ಶತಮಾನದ ಗಣಿತಜ್ಞ ಆಯ್ಲರ್ ಪ್ರಮುಖನು. ಘರ್ಷಣಾಂಕ ೦.೩ ಎಂದಿಟ್ಟುಕೊಂಡರೆ, ಒಂದು ಸುತ್ತಿಗೆ ಹಿಡಿತ ಸುಮಾರು ೬.೬ ಪಟ್ಟು, ಎರಡು ಸುತ್ತಿಗೆ ೪೩ ಪಟ್ಟು, ಮೂರು ಸುತ್ತಿಗೆ ೨೮೫ ಪಟ್ಟು ಆಗುತ್ತದೆ. ಸುತ್ತುಗಳನ್ನು ಕೂಡಿಸಿದಂತೆ ಹಿಡಿತ ಗುಣಿಸುತ್ತಾ ಹೋಗುವುದನ್ನು ಗಮನಿಸಿರಿ. ತೊಲೆಗೆ ಹಗ್ಗ ಕಟ್ಟುವಾಗ ಮೊದಲು ಎರಡು ಮೂರು ಸುತ್ತು ಹಾಕಿ ಅನಂತರ ಗಂಟು ಬಿಗಿಯಬೇಕೆಂದು ಹಿರಿಯರು ಹೇಳುವುದರ ಮರ್ಮ ಇಲ್ಲಿದೆ. ಸುತ್ತುಗಳೇ ಭಾರವನ್ನು ಹಿಡಿಯುತ್ತವೆ. ಗಂಟಿನ ಪಾಲಿಗೆ ಉಳಿಯುವುದು ಅದರ ಅತ್ಯಲ್ಪ ಅಂಶ ಮಾತ್ರ.

ಗಂಟೆಂದರೆ ಹಗ್ಗವು ತನಗೆ ತಾನೇ ಸುತ್ತಿಕೊಳ್ಳುವುದು. ಇಲ್ಲಿ ಸುತ್ತಿನ ದಿಕ್ಕು ಮುಖ್ಯ. ವಾಚಕರು ಒಂದು ಪ್ರಯೋಗ ಮಾಡಿ ನೋಡಬಹುದು. ನಾಲ್ಕು ಎಳೆಗಳನ್ನು ಒಂದು ಮೊಳೆಗೆ ತೂಗುಹಾಕಿ, ನಡುವಿನ ಎರಡನ್ನು ನೇರವಾಗಿ ಬಿಡಿರಿ. ಎಡದ ಎಳೆಯನ್ನು ನಡುವಿನವುಗಳ ಮೇಲೆ ಹಾಯಿಸಿ ಬಲದ ಎಳೆಯ ಕೆಳಗೆ ತನ್ನಿರಿ. ಬಲದ ಎಳೆಯನ್ನು ನಡುವಿನವುಗಳ ಹಿಂದಿನಿಂದ ತಂದು ಎಡಬದಿಯ ಕುಣಿಕೆಯಿಂದ ಹೊರಗೆಳೆದು ಬಿಗಿಯಿರಿ. ಇದು ಅರ್ಧ ಗಂಟು. ಉಳಿದರ್ಧವನ್ನು ಬಲಗಡೆಯಿಂದ ಆರಂಭಿಸಿದರೆ ಚಪ್ಪಟೆಯಾದ ಗಂಟಾಗುತ್ತದೆ. ಹಾಗೆ ಮಾಡದೆ ಪ್ರತಿಸಲವೂ ಎಡದಿಂದಲೇ ಆರಂಭಿಸಿದರೆ ಹೆಣಿಗೆ ತಾನಾಗಿ ಸುರುಳಿಯಂತೆ ತಿರುಚಿಕೊಳ್ಳುತ್ತದೆ. ಒಂದೇ ದಿಕ್ಕಿನ ತಿರುಪು ಕೂಡುತ್ತಾ ಹೋದುದರ ಫಲವಿದು. ಎದುರು ದಿಕ್ಕಿನವು ಒಂದನ್ನೊಂದು ತಡೆದು ನಿಲ್ಲುತ್ತವೆ.

ಎರಡು ತುದಿಗಳನ್ನು ಕೂಡಿಸುವ ಸಾದಾ ಗಂಟಿನಲ್ಲಿಯೂ ಇದೇ ಭೇದವುಂಟು. ಎರಡನೆಯ ಅರ್ಧವನ್ನು ತಿರುಗುಮುರುಗಾಗಿ ಹಾಕಿದರೆ ಗಂಟು ನಿಲ್ಲುತ್ತದೆ. ಮೊದಲಿನಂತೆಯೇ ಹಾಕಿದರೆ ಸುಲಭವಾಗಿ ಜಾರುತ್ತದೆ. ನಾವಿಕರೂ ನೇಕಾರರೂ ಬಹುಕಾಲದಿಂದ ಬಲ್ಲ ಈ ಸಂಗತಿಯ ಕಾರಣವನ್ನು ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ವಿಶಾಲ್ ಪಾಟೀಲ್, ಯೋರ್ನ್ ಡಂಕೆಲ್, ಮಥಿಯಾಸ್ ಕೋಲೆ ಮೊದಲಾದವರು ೨೦೨೦ರಲ್ಲಿ ವಿವರಿಸಿದರು. ಎಳೆದಾಗ ಬಣ್ಣ ಬದಲಿಸುವ ವಿಶೇಷ ತಂತುಗಳಿಂದ ಗಂಟು ಹಾಕಿ, ಬಲ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂಬುದನ್ನು ಅವರು ಕಣ್ಣಾರೆ ಕಂಡರು. ಎಳೆಗಳು ಎಷ್ಟು ಸಲ ಒಂದನ್ನೊಂದು ದಾಟುತ್ತವೆ, ದಾಟುವಾಗ ಎದುರುಬದುರಾಗಿ ತಿರುಚಿಕೊಳ್ಳುತ್ತವೆಯೇ ಎಂಬುದರ ಮೇಲೆ ಗಂಟಿನ ದೃಢತೆ ನಿಂತಿದೆಯೆಂದು ಅವರ ಲೆಕ್ಕ ತೋರಿಸಿತು.

ಆದರೂ ಭಾರ ಹೊರುವ ಎರಡು ಹಗ್ಗಗಳನ್ನು ಕೂಡಿಸಲು ಈ ಚಪ್ಪಟೆ ಗಂಟನ್ನು ನಂಬಬಾರದು. ೩೮೦೦ಕ್ಕೂ ಮಿಕ್ಕ ಗಂಟುಗಳನ್ನು ಸಂಗ್ರಹಿಸಿ ೧೯೪೪ರಲ್ಲಿ ಗ್ರಂಥ ಪ್ರಕಟಿಸಿದ ಕ್ಲಿಫರ್ಡ್ ಆಶ್ಲೆ ಎಂಬ ಅಮೆರಿಕನ್ನನು, ಹೀಗೆ ಕೂಡಿಸಿದುದರಿಂದಲೇ ಅನೇಕ ಪ್ರಾಣಗಳು ಹೋಗಿವೆಯೆಂದು ಎಚ್ಚರಿಸಿದ್ದಾನೆ. ತೊಟ್ಟಿಲಿನ ಹೆಣಿಗೆಯಲ್ಲಿ ಭಾರ ಹೊರಬೇಕಾದವು ನಡುವಿನ ನೇರ ಎಳೆಗಳು. ಸುತ್ತಲಿನ ಗಂಟುಗಳು ಅವನ್ನು ಒಟ್ಟಿಗೆ ಹಿಡಿಯುತ್ತವೆ, ಅಷ್ಟೆ.

ಕಟ್ಟುವ ಕ್ರಮ

ಇದನ್ನು ಮನಸ್ಸಿನಲ್ಲಿಟ್ಟು ತೊಟ್ಟಿಲನ್ನು ಕಟ್ಟಬೇಕು. ನುಣುಪಾಗಿ ಉಜ್ಜಿದ ಮರದ ಆಯತಾಕಾರದ ಚೌಕಟ್ಟು, ಅದರೊಳಗೆ ಗಟ್ಟಿಯಾಗಿ ಕೂರಿಸಿದ ಸಮತಟ್ಟಾದ ಹಲಗೆ, ಹೊಸ ಹತ್ತಿ ಹುರಿ, ಬೆಸುಗೆ ಬಿಡದ ಎರಡು ಕಬ್ಬಿಣದ ಬಳೆಗಳು ಬೇಕು. ಹೆಣೆಯುವ ಹುರಿಯನ್ನು ಆಗಬೇಕಾದ ಉದ್ದದ ಸುಮಾರು ೪ ಪಟ್ಟು ಕತ್ತರಿಸಬೇಕು. ಉಳಿದುದೆಲ್ಲ ಗಂಟಿನ ಬಾಗುಗಳಲ್ಲಿ ಸೇರಿಹೋಗುತ್ತದೆ. ಹುರಿಯನ್ನು ನಡುವೆ ಮಡಿಸಿ, ಮಡಿಕೆಯನ್ನು ಬಳೆಯ ಹಿಂದಿನಿಂದ ತಂದು, ಎರಡೂ ತುದಿಗಳನ್ನು ಅದರೊಳಗೆ ತೂರಿಸಿ ಎಳೆದರೆ, ಭಾರ ಬಿದ್ದಷ್ಟೂ ಬಿಗಿಯಾಗುವ ಕುಣಿಕೆ ದೊರೆಯುತ್ತದೆ. ಭಾರ ಹೊರುವ ಹಗ್ಗ ಚೌಕಟ್ಟಿನ ಅಡಿಯಲ್ಲಿ ಹಾಯ್ದು ಇನ್ನೊಂದು ಬದಿಯಿಂದ ಮೇಲೇರಬೇಕು. ಹಾಗಾದರೆ ತೊಟ್ಟಿಲು ಗಂಟಿಗೆ ಜೋತುಬೀಳದೆ ಅಖಂಡವಾದ ಹಗ್ಗದ ಮೇಲೆ ಕೂರುತ್ತದೆ.

ಹಗ್ಗಗಳ ಓರೆಯನ್ನೂ ನೋಡಬೇಕು. ಮಗು ಮತ್ತು ತೊಟ್ಟಿಲು ಸೇರಿ ೧೦ ಕಿಲೋಗ್ರಾಂ ಇದ್ದರೆ, ನೇರವಾಗಿ ಇಳಿದ ನಾಲ್ಕು ಹಗ್ಗಗಳ ಮೇಲೆ ತಲಾ ೨.೫ ಕಿಲೋಗ್ರಾಂ ಭಾರ ಬೀಳುತ್ತದೆ. ಲಂಬರೇಖೆಯಿಂದ ೬೦ ಡಿಗ್ರಿ ಓರೆಯಾದರೆ ಅದೇ ಭಾರ ೫ ಕಿಲೋಗ್ರಾಂ ಆಗುತ್ತದೆ. ೭೫ ಡಿಗ್ರಿಗೆ ಸುಮಾರು ೯.೭. ಆದುದರಿಂದ ಹಗ್ಗಗಳು ಉದ್ದವಾಗಿ, ನೆಟ್ಟಗಿರುವುದು ಲೇಸು. ತೂಗುವಾಗಲೂ ಭಾರ ಏರುತ್ತದೆ. ೩೦ ಡಿಗ್ರಿಯವರೆಗೆ ಬೀಸಿ ತೂಗಿದರೆ ಕೆಳಗೆ ಹಾಯುವ ಕ್ಷಣದಲ್ಲಿ ಅದು ಸುಮಾರು ಕಾಲುಭಾಗ ಹೆಚ್ಚುತ್ತದೆ. ಮಗುವನ್ನು ಹಾಕುವ ಮೊದಲು ೬೦ ಕಿಲೋಗ್ರಾಂ ಮರಳಿನ ಚೀಲವನ್ನಿಟ್ಟು ಒಂದು ದಿನ ಬಿಟ್ಟು ಪರೀಕ್ಷಿಸುವುದು ವಿಹಿತ. ಅಣ್ಣನೋ ಅಕ್ಕನೋ ಹತ್ತಿ ಜೀಕುವುದನ್ನು ಯಾರು ತಡೆದಾರು?

ತೂಗಿದರೆ ನಿದ್ದೆ ಏಕೆ?

ತೊಟ್ಟಿಲು ಒಂದು ಲೋಲಕ. ಹಗ್ಗದ ಉದ್ದ ೧ ಮೀಟರ್ ಇದ್ದರೆ ಹೋಗಿ ಬರಲು ಸುಮಾರು ೨ ಸೆಕೆಂಡು, ೨ ಮೀಟರ್ ಇದ್ದರೆ ೨.೮ ಸೆಕೆಂಡು ಬೇಕು. ಮಗುವಿನ ತೂಕ ಏರಿದರೂ ಈ ಕಾಲ ಬದಲಾಗದು. ಎತ್ತರದ ತೊಲೆಯ ತೊಟ್ಟಿಲು ಸಾವಧಾನವಾಗಿ ತೂಗುವುದು ಇದರಿಂದಲೇ. ಈ ಚಲನೆಯನ್ನು ಒಳಗಿವಿಯ ಅರ್ಧವೃತ್ತಾಕಾರದ ನಾಳಗಳೂ ಅವುಗಳ ಬಳಿಯ ಸಣ್ಣ ಚೀಲಗಳೂ ಗ್ರಹಿಸಿ ಮಿದುಳಿಗೆ ತಿಳಿಸುತ್ತವೆ. ೬ ತಿಂಗಳೊಳಗಿನ ಶಿಶುಗಳನ್ನು ಎತ್ತಿಕೊಂಡು ನಡೆದಾಡಿದೊಡನೆ ಅಳು ಕಡಿಮೆಯಾಗಿ ಹೃದಯದ ಬಡಿತವೂ ಇಳಿಯುವುದೆಂದು ಜಪಾನಿನ ಕುಮಿ ಕುರೋಡಾ ಮತ್ತು ಸಂಗಡಿಗರು ೨೦೧೩ರಲ್ಲಿ ತೋರಿಸಿದರು. ತೊಟ್ಟಿಲಿನ ತೂಗಾಟವೂ ಇದಕ್ಕೆ ಹತ್ತಿರದ್ದೇ.

ಮೂರನೆಯ ಪ್ರಶ್ನೆ

ನೂಲು ತಡೆಯಿತು, ಗಂಟು ನಿಂತಿತು, ಮಗು ನಿದ್ರಿಸಿತು. ಅಪಾಯ ಕಳೆಯಿತೇ? ಇಲ್ಲ. ಹುಟ್ಟಿದ ಮಗುವಿನ ತಲೆ ದೇಹದ ಉದ್ದದ ಸುಮಾರು ನಾಲ್ಕನೆಯ ಒಂದು ಭಾಗ. ಅದನ್ನು ಹೊರುವ ಕುತ್ತಿಗೆಯಾದರೋ ದುರ್ಬಲ. ಬಿಲ್ಲಿನಂತೆ ಬಾಗಿದ ಜೋಲಿಯಲ್ಲಿ ಗಲ್ಲ ಎದೆಗೆ ಒತ್ತಿದರೆ ಶ್ವಾಸನಾಳ ಮಡಿಚಿಕೊಳ್ಳುತ್ತದೆ. ಮಗು ಕೂಗಿ ಹೇಳಲಾರದು, ಹೊರಳಲಾರದು. ಮೆತ್ತನೆಯ ಬಟ್ಟೆ ಮೂಗಿಗೆ ಅಡ್ಡವಾದರೂ ಇದೇ ಗತಿ.

ಶಿಶುಗಳನ್ನು ಬೆನ್ನಿನ ಮೇಲೆ, ಸಮತಟ್ಟಾದ ಗಟ್ಟಿ ಹಾಸಿನಲ್ಲಿ ಮಲಗಿಸಬೇಕೆಂಬುದು ವೈದ್ಯರ ಮತ. ಅಮೆರಿಕದಲ್ಲಿ ೧೯೯೪ರಿಂದ ಬೆನ್ನಿನ ಮೇಲೆ ಮಲಗಿಸುವ ಪ್ರಚಾರ ನಡೆದ ಮೇಲೆ, ನಿದ್ದೆಯಲ್ಲಿ ಅಕಸ್ಮಾತ್ತಾಗಿ ಸಾಯುವ ಶಿಶುಗಳ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ೧೦ ಡಿಗ್ರಿಗಿಂತ ಹೆಚ್ಚು ಓರೆಯಾದ ಶಿಶುಹಾಸುಗಳ ಮಾರಾಟವನ್ನು ಆ ದೇಶ ೨೦೨೨ರಲ್ಲಿ ಕಾನೂನಿನಿಂದ ತಡೆಯಿತು. ೬೦ ಸೆಂಟಿಮೀಟರ್ ಉದ್ದದ ಹಾಸಿನಲ್ಲಿ ಒಂದು ತುದಿ ಇನ್ನೊಂದಕ್ಕಿಂತ ೧೦ ಸೆಂಟಿಮೀಟರ್ ಎತ್ತರವಾದರೆ ಅಷ್ಟು ಓರೆಯಾಯಿತು. ಕಲಘಟಗಿಯ ತೊಟ್ಟಿಲಿನ ಮರದ ತಳದ ಬೆಲೆ ಇದರಿಂದ ಮನದಟ್ಟಾಗುತ್ತದೆ. ಹೆಣೆದ ತೊಟ್ಟಿಲಿಗೂ ಹಲಗೆಯ ತಳ ಬೇಕೆಂದುದು ಇದಕ್ಕಾಗಿಯೇ.

ಹೆಣಿಗೆಯ ಬದಿಗಳಲ್ಲಿ ೬ ಸೆಂಟಿಮೀಟರಿಗಿಂತ ದೊಡ್ಡ ಕಂಡಿ ಇರಕೂಡದು. ಕುಚ್ಚು, ಸಡಿಲ ಕುಣಿಕೆ, ಜೋತ ತುದಿಗಳು ಮಗುವಿನ ಕೈಗೆ ಸಿಗಕೂಡದು. ಒಳಗೆ ದಿಂಬು ಬೇಡ. ಸೀರೆಯ ಜೋಲಿಯಲ್ಲಿ ಆಡುವ ದೊಡ್ಡ ಮಕ್ಕಳ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಪ್ರಾಣ ಹೋದ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ. ಬಳಸದಿರುವಾಗ ಜೋಲಿಯನ್ನು ಬಿಚ್ಚಿ ಎತ್ತಿಡಬೇಕು. ಮಗು ಹೊರಳಲು ಅಥವಾ ಕೈಯೂರಿ ಏಳಲು ತೊಡಗಿದ ದಿನವೇ ತೂಗುತೊಟ್ಟಿಲಿಗೆ ಬೀಳ್ಕೊಡುಗೆ.

ಮನೆಯಲ್ಲಿ ಕೂಸಿರುವ ವಿದ್ಯಾರ್ಥಿಗಳು ಇಷ್ಟನ್ನಾದರೂ ಮಾಡಬಹುದು. ವಾರಕ್ಕೊಮ್ಮೆ ತೊಲೆಯ ಬಳಿ ಹಗ್ಗ ಸವೆದಿದೆಯೇ, ಬಳೆ ಸೀಳಿದೆಯೇ, ಗಂಟು ಸಡಿಲಿದೆಯೇ ಎಂದು ಕೈಯಿಂದ ಮುಟ್ಟಿ ಪರೀಕ್ಷಿಸಬೇಕು. ತೂಗುವಾಗ ದೊಡ್ಡವರೊಬ್ಬರ ಕಣ್ಣು ಮಗುವಿನ ಮುಖದ ಮೇಲಿರಬೇಕು. ನಿದ್ದೆ ಹತ್ತಿದ ಮೇಲೆ ಮಗುವನ್ನು ಮೆಲ್ಲನೆ ಎತ್ತಿ ಸಮತಟ್ಟಾದ ಹಾಸಿಗೆಯಲ್ಲಿ ಅಂಗಾತ ಮಲಗಿಸಬೇಕು. ನಿದ್ದೆ ತರಿಸುವುದು ತೊಟ್ಟಿಲಿನ ಕೆಲಸ. ನಿದ್ದೆಯನ್ನು ಕಾಯುವುದು ಮನೆಯವರ ಕೆಲಸ.