ಗೂಬೆಯೂ ಗದ್ದೆಯ ಇಲಿಯೂ

ಮಂಡ್ಯಕ್ಕೂ ಮದ್ದೂರಿಗೂ ನಡುವಣ ಹನಕೆರೆಯ ಸುತ್ತುಮುತ್ತು ಕಬ್ಬು ಬತ್ತಗಳ ಸೀಮೆ. ಆಗ ಇರ್ವಿನ್ ನಾಲೆಯೆನಿಸಿದ್ದ ವಿಶ್ವೇಶ್ವರಯ್ಯ ನಾಲೆಯ ನೀರು 1930ರ ದಶಕದಲ್ಲಿ ಈ ಸೀಮೆಗೆ ಹರಿದು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆಯು ಸ್ಥಾಪಿತವಾದ ಮೇಲೆ ರಾಗಿಯ ಹೊಲಗಳೆಷ್ಟೋ ಗದ್ದೆಗಳಾದುವು. ಬಹುಕಾಲ ನಿಲ್ಲುವ ಹಸಿರು, ನೀರು, ಮೆತ್ತನೆಯ ಮಣ್ಣಿನ ಬದು ಇವು ಒಂದೆಡೆ ದೊರೆತುದರಿಂದ ರೈತನೊಡನೆ ಇಲಿಗೂ ಸುಗ್ಗಿಯಾಯಿತು. ಬತ್ತವು ಹೊಡೆ ತುಂಬುವಾಗ ಇಲಿಯು ತೆಂಡೆಗಳನ್ನು ಬುಡದಲ್ಲಿಯೇ ಕತ್ತರಿಸುತ್ತದೆ. ಬಲಿತ ತೆನೆಯನ್ನು ಬಿಲಕ್ಕೆ ಎಳೆದು ಕೂಡಿಡುತ್ತದೆ. ಅದು ಕಡಿದ ಕಬ್ಬು ಗಾಳಿಗೆ ಉರುಳಿ ಕೊಳೆಯುತ್ತದೆ. ಸುಮಾರು ಮೂರು ವಾರಗಳಲ್ಲಿಯೇ ಗರ್ಭವು ಪೂರ್ಣವಾಗಿ ಒಂದೊಂದು ಸೂಲಿನಲ್ಲಿಯೂ ಹಲವು ಮರಿಗಳನ್ನು ಹಾಕುವ ಈ ಪ್ರಾಣಿಯನ್ನು ರಾತ್ರಿಯೆಲ್ಲ ಕಾದು ಹಿಡಿಯಬಲ್ಲ ಆಳು ಯಾವ ರೈತನಿಗೂ ಸಿಕ್ಕುವುದಿಲ್ಲ.

ಸಂಬಳವಿಲ್ಲದೆ ಆ ಕೆಲಸವನ್ನು ಮಾಡುವುದು ಕಣಜದ ಗೂಬೆ. ವೀಳ್ಯದೆಲೆಯ ಆಕಾರದ ಬಿಳಿಯ ಮುಖ, ಹೊಂಬಣ್ಣ ಬೆರೆತ ಬೂದು ಬೆನ್ನು, ಉದ್ದವಾದ ಕಾಲು, ಇವುಗಳಿಂದ ಇದನ್ನು ಗುರುತಿಸಬಹುದು. ಇದರ ಕಿವಿಗಳಲ್ಲಿ ಒಂದು ಮೇಲಕ್ಕೂ ಒಂದು ಕೆಳಕ್ಕೂ ಇರುವುದರಿಂದ ಸದ್ದು ಎಲ್ಲಿಂದ ಬಂತೆಂಬುದು ಇದಕ್ಕೆ ಕರಾರುವಾಕ್ಕಾಗಿ ತಿಳಿಯುತ್ತದೆ. ಬೆಳಕು ಲೇಶವೂ ಇಲ್ಲದ ಕೋಣೆಯಲ್ಲಿ ಓಡುವ ಇಲಿಯನ್ನು ಸದ್ದಿನಿಂದಲೇ ಹಿಡಿಯುವುದೆಂದು ಪ್ರಯೋಗಗಳಿಂದ ಸ್ಥಿರಪಟ್ಟಿದೆ. ರೆಕ್ಕೆಯ ಅಂಚಿನ ಗರಿಗಳು ಕುಚ್ಚಿನಂತೆ ಮೃದುವಾಗಿರುವುದರಿಂದ ಹಾರುವ ಸಪ್ಪಳ ಇಲಿಗೆ ಕೇಳಿಸದು. ನುಂಗಿದ ಇಲಿಯ ಮೂಳೆ ಕೂದಲುಗಳನ್ನು ಗೂಬೆಯು ಉಂಡೆಯಾಗಿ ಕಾರುತ್ತದೆ. ಅದು ಕುಳಿತುಕೊಳ್ಳುವ ಜಾಗದ ಕೆಳಗೆ ಬಿದ್ದ ಒಂದು ಉಂಡೆಯನ್ನು ನೀರಿನಲ್ಲಿ ನೆನೆಯಿಸಿ ಬಿಡಿಸಿದರೆ ಇಲಿಯ ತಲೆಬುರುಡೆಗಳು ಕಾಣುವುವು. ಸಂದೇಹವುಳ್ಳವರು ಇದನ್ನು ಸ್ವತಃ ಮಾಡಿ ನೋಡಬಹುದು.

ಈ ಪಕ್ಷಿ ಗೂಡು ಕಟ್ಟುವುದಿಲ್ಲ. ಹಳೆಯ ಗುಡಿಯ ಗೋಪುರ, ಪಾಳುಮನೆಯ ಅಟ್ಟ, ಮರದ ಪೊಟರೆ ಇಂತಹ ಕಡೆ ಬರಿಯ ನೆಲದ ಮೇಲೆಯೇ ನಾಲ್ಕಾರು ಮೊಟ್ಟೆಗಳನ್ನಿಡುತ್ತದೆ. ಮರಿಗಳು ಹಸಿದಾಗ ಗೊರಕೆಯಂತಹ ಶಬ್ದ ಮಾಡುವುವು; ಅಟ್ಟದಲ್ಲಿ ಪಿಶಾಚಿಯಿದೆಯೆಂಬ ಕಥೆಗಳಲ್ಲಿ ಅನೇಕವು ಹೀಗೆಯೇ ಹುಟ್ಟಿರಬೇಕು. ಇದಕ್ಕಿಂತ ಬಹಳ ಚಿಕ್ಕದಾದ ಹಾಲಕ್ಕಿಯೂ ಗೂಬೆಯ ಜಾತಿಯೇ. ಜೋಡಿಯಾಗಿ ಹುಣಿಸೆ, ಮಾವು, ಆಲದ ಪೊಟರೆಗಳಲ್ಲಿದ್ದು ಜೀರುಂಡೆ, ಮಿಡತೆ, ಚಿಟ್ಟಿಲಿಗಳನ್ನು ತಿನ್ನುತ್ತದೆ. ಬುಡಬುಡಕೆಯವನು ಹಾಲಕ್ಕಿಯ ನುಡಿಯೆಂದು ಶಕುನ ಹೇಳಿದರೆ ಮೊರದಲ್ಲಿ ಧಾನ್ಯ ನೀಡುವ ಮನೆಯವರೇ, ಅದರ ಅಣ್ಣನಂತಿರುವ ಗೂಬೆ ಸೂರಿನ ಮೇಲೆ ಕುಳಿತರೆ ಕಲ್ಲೆಸೆಯುವುದು ವಿಚಿತ್ರ. ಒಬ್ಬರ ತಪ್ಪನ್ನು ಇನ್ನೊಬ್ಬರ ಮೇಲೆ ಹೊರಿಸುವುದಕ್ಕೆ ಜನರು ‘ಗೂಬೆ ಕೂರಿಸುವುದು’ ಎನ್ನುವರಷ್ಟೆ. ಮನೆಯ ಕಷ್ಟನಷ್ಟಗಳ ವಿಷಯದಲ್ಲಿ ಗೂಬೆಗೆ ಆಗಿರುವುದೂ ಅದೇ. ಮಾಟಮಂತ್ರಗಳಿಗೆಂದು ಗೂಬೆ ಹಿಡಿದು ಮಾರುವವರೂ ಉಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಗೂಬೆಯನ್ನು ಹಿಡಿಯುವುದು, ಕೊಲ್ಲುವುದು, ಮಾರುವುದು ಅಪರಾಧ. ಅಂತಹವರು ಊರಿಗೆ ಬಂದರೆ ಊರಿನ ಯಜಮಾನರು ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸತಕ್ಕದ್ದು.

ಕಲ್ಲಿಗಿಂತಲೂ ವಿಷದಿಂದ ಆಗುವ ಹಾನಿ ದೊಡ್ಡದು. ಬ್ರೋಮಾಡಿಯೋಲೋನ್ ಬೆರೆಸಿದ ತಿನಿಸನ್ನು ತಿಂದ ಇಲಿ ಕೂಡಲೆ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟದೆ ಕೆಲವು ದಿನ ತೂಕಡಿಸುತ್ತ ಬಯಲಿನಲ್ಲಿ ತಿರುಗಿ ಸಾಯುತ್ತದೆ. ಅಂತಹ ಇಲಿಯನ್ನು ಹಿಡಿಯುವುದು ಗೂಬೆಗೆ ಸುಲಭ. ಇಲಿಯ ಮೈಯಲ್ಲಿದ್ದ ವಿಷ ಗೂಬೆಗೂ ಸೇರುತ್ತದೆ. ಗೂಬೆ ಸತ್ತರೆ ಮುಂದಿನ ಬೆಳೆಯಲ್ಲಿ ಇಲಿಗೆ ಒಬ್ಬ ಶತ್ರು ಕಡಿಮೆ. ಆದುದರಿಂದ ಕೊಯ್ಲಾದೊಡನೆ ಅಕ್ಕಪಕ್ಕದ ಹಿಡುವಳಿದಾರರೆಲ್ಲ ಕೂಡಿ ಒಂದೇ ಕಾಲದಲ್ಲಿ ಬಿಲಗಳನ್ನು ಅಗೆಸುವುದು, ಬದುಗಳನ್ನು ಸಣ್ಣದಾಗಿಟ್ಟು ಕಳೆ ತೆಗೆಯಿಸುವುದು, ಬೋನು ಇಡುವುದು ಮೊದಲಿನ ಉಪಾಯಗಳು. ವಿಷ ಇಡಲೇಬೇಕಾದರೆ ಬಿಲದೊಳಗೆ ಇಟ್ಟು ಬಾಯಿ ಮುಚ್ಚಿ, ಸತ್ತ ಇಲಿಗಳನ್ನು ಪ್ರತಿದಿನವೂ ಆಯ್ದು ಆಳವಾಗಿ ಹೂಳಬೇಕು.

ಒತ್ತಾಗಿ ಬೆಳೆದ ಕಬ್ಬಿನೊಳಗೆ ಗೂಬೆಯು ಎರಗಲಾರದೆಂಬುದು ನಿಜ. ಅದರ ಬೇಟೆ ಬದು, ನಾಲೆಯ ದಂಡೆ, ಕಟಾವಾದ ತಾಕು, ಎಳೆಯ ಬತ್ತದ ಗದ್ದೆಗಳಲ್ಲಿ. ಆಳೆತ್ತರದ ಕೋಲಿಗೆ ಅಡ್ಡಪಟ್ಟಿ ಬಡಿದು ಬದುವಿನಲ್ಲಿ ನೆಟ್ಟರೆ ಕುಳಿತು ಕಾಯುವುದಕ್ಕೆ ಅನುಕೂಲ. ಪೊಟರೆಯುಳ್ಳ ಮುದಿ ಮರವನ್ನು ಸೌದೆಗೆಂದು ಕಡಿಯಿಸದಿರುವುದು ಇದಕ್ಕಿಂತ ಮುಖ್ಯ. ಇಂದು ನೆಟ್ಟ ಸಸಿಯಲ್ಲಿ ಪೊಟರೆಯಾಗಲು ಒಂದು ತಲೆಮಾರು ಸಾಲದು. ಅಂತಹ ಮರವಿಲ್ಲದ ಕಡೆ ಮರದ ಪೆಟ್ಟಿಗೆಯನ್ನು ಎತ್ತರದಲ್ಲಿ ಕಟ್ಟಿಸಬಹುದು. ಇಸ್ರೇಲಿನ ಹೊಲಗಳಲ್ಲಿಯೂ ಮಲೇಷಿಯಾದ ತಾಳೆ ತೋಟಗಳಲ್ಲಿಯೂ ಕಣಜದ ಗೂಬೆಗಳು ಇಂತಹ ಪೆಟ್ಟಿಗೆಗಳಲ್ಲಿ ಮರಿ ಮಾಡಿವೆ. ಗುಡಿಯ ಜೀರ್ಣೋದ್ಧಾರ ಮಾಡಿಸುವವರು ಗೋಪುರದ ಸಂದುಗಳನ್ನು ಮುಚ್ಚಿಸುವ ಮೊದಲು ಒಳಗೆ ಮರಿಗಳಿವೆಯೇ ಎಂದು ನೋಡಿ, ಇದ್ದರೆ ಅವು ಹಾರಿಹೋಗುವವರೆಗೆ ಎರಡು ಮೂರು ತಿಂಗಳು ಆ ಸಂದನ್ನು ಹಾಗೆಯೇ ಬಿಡಿಸತಕ್ಕದ್ದು.